ಪ್ರವಾಹ ತೊಳೆದು ತೋರಿಸಿದ ಗುರುತು: ಅರಬ್ಬಿಯ ಮೊದಲ ಕವಿಗಳು ಇಂದು ಯಾರ ಸ್ವತ್ತು?

ಸಿರಿಯಾದ ದಕ್ಷಿಣ ಭಾಗದಿಂದ ಜೋರ್ಡಾನ್ ಹಾಯ್ದು ಸೌದಿ ಅರೇಬಿಯಾದ ಉತ್ತರದ ಅಂಚಿನವರೆಗೆ ಕಪ್ಪು ಕಲ್ಲಿನ ಮರುಭೂಮಿಯೊಂದು ಹಬ್ಬಿದೆ. ಅಲ್ಲಿ ಕಾಲಿಗೆ ಸಿಗುವುದು ಮರಳಿಗಿಂತ ಹೆಚ್ಚಾಗಿ ಹಳೆಯ ಜ್ವಾಲಾಮುಖಿಗಳು ಉಗುಳಿದ ಬಸಾಲ್ಟ್ ಕಲ್ಲು. ಅಂಥ ನೆಲಕ್ಕೆ ಅರಬ್ಬಿಯಲ್ಲಿ ಹರ್ರಾ ಎಂದು ಹೆಸರು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಅಲ್ಲಿ ಕುರಿ, ಒಂಟೆ ಮೇಯಿಸುತ್ತ ತಿರುಗಿದವರು ಕಲ್ಲುಗಳ ಮೇಲೆ ಗೀಚಿದ ಬರಹಗಳು ಹತ್ತಾರು ಸಾವಿರ ಸಂಖ್ಯೆಯಲ್ಲಿ ದೊರೆತಿವೆ. ಆ ಲಿಪಿಯನ್ನು ವಿದ್ವಾಂಸರು ಸಫಾಯಿಟಿಕ್ ಎಂದು ಕರೆಯುತ್ತಾರೆ. ಬಹುಪಾಲು ಬರಹಗಳು ಒಂದೆರಡು ಸಾಲಿನವು. ಬರೆದವನ ಹೆಸರು, ಅಪ್ಪನ ಹೆಸರು, ಅಜ್ಜ ಮುತ್ತಜ್ಜಂದಿರ ಹೆಸರು. ಒಂಟೆ ಮೇಯಿಸಿದ ಸಂಗತಿ, ಮಳೆಗಾಗಿ ಕಾದ ಸಂಗತಿ. ಇವುಗಳ ನಡುವೆ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಇಂಥವನು ತನ್ನವನ ಗುರುತು ಕಂಡ, ದುಃಖಪಟ್ಟ. ತಾನು ಬರುವ ಮೊದಲೇ ಅದೇ ಹಾದಿಯಲ್ಲಿ ಹೋದ ಗೆಳೆಯನೋ ಬಂಧುವೋ ಕಲ್ಲಿನ ಮೇಲೆ ಬಿಟ್ಟುಹೋದ ಹೆಸರನ್ನು ಓದಿ, ಆ ದುಃಖವನ್ನು ಪಕ್ಕದಲ್ಲೇ ಕೆತ್ತಿ ಮುಂದೆ ನಡೆದಿದ್ದಾನೆ. ಕೆಲವರು ಕೊನೆಗೆ ಒಂದು ಶಾಪವನ್ನೂ ಸೇರಿಸಿದ್ದಾರೆ. ಈ ಬರಹವನ್ನು ಅಳಿಸಿದವನ ಕಣ್ಣು ಹೋಗಲಿ ಎಂದು ಲಾತ್ ದೇವತೆಯ ಮುಂದೆ ಬೇಡಿಕೆ.

ಕೆಲವು ಶತಮಾನಗಳ ನಂತರ, ಕ್ರಿಸ್ತಶಕ ಆರನೆಯ ಶತಮಾನದಲ್ಲಿ, ಕಿಂದಾ ರಾಜಮನೆತನದ ಇಮ್ರುಲ್ ಕೈಸ್ ಎಂಬ ಕವಿ ತನ್ನ ಇಬ್ಬರು ಜೊತೆಗಾರರಿಗೆ ಹೇಳುತ್ತಾನೆ: ನಿಲ್ಲಿರಿ, ನಲ್ಲೆಯನ್ನೂ ಅವಳಿದ್ದ ನೆಲೆಯನ್ನೂ ನೆನೆದು ಅಳೋಣ. ಮರಳದಿಬ್ಬದ ಅಂಚು, ದಖೂಲ್, ಹೌಮಲ್ ಎಂದು ಜಾಗದ ಹೆಸರುಗಳು ಒಂದರ ಹಿಂದೊಂದು ಬರುತ್ತವೆ. ಅರಬ್ಬಿ ಓದಿದವರಲ್ಲಿ ಈ ಸಾಲನ್ನು ಕೇಳದವರು ಸಿಗುವುದು ಕಷ್ಟ. ಡೇರೆ ಕಿತ್ತು ಹೋದ ಬುಡಕಟ್ಟಿನ ಬೂದಿ, ಒಲೆಯ ಕಲ್ಲು, ಡೇರೆಯ ಸುತ್ತ ನೀರು ಹರಿಯಲು ತೋಡಿದ ಕಾಲುವೆಯ ಗುರುತು, ಇವುಗಳ ಮುಂದೆ ನಿಂತು ಅಳುವುದು ಅರಬ್ಬಿ ಕಾವ್ಯದ ಮೊದಲ ಕ್ರಿಯೆ. ಕಲ್ಲು ಕೆತ್ತಿದ ಕುರುಬನಿಗೂ ಈ ರಾಜಕುಮಾರನಿಗೂ ನೇರ ನಂಟಿತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ಆ ಕಲ್ಲುಗಳನ್ನು ಓದಿದ ಮೇಲೆ, ಹಳೆಯ ಅರಬ್ಬಿ ಕಾವ್ಯ ನಿಜಕ್ಕೂ ಇಸ್ಲಾಮಿಗೆ ಮೊದಲಿನದೋ, ಆಮೇಲೆ ಕಟ್ಟಿದ್ದೋ ಎಂದು ನೂರು ವರ್ಷಗಳಿಂದ ನಡೆದಿರುವ ಜಗಳವನ್ನು ಮೊದಲಿನ ಹಾಗೆ ನೋಡುವುದು ಸಾಧ್ಯವಿಲ್ಲ.

ಜಗಳ ಈಗ ಯಾಕೆ ಮತ್ತೆ ಮುಖ್ಯವಾಗಿದೆ ಎಂದರೆ, ಈ ಕಾವ್ಯ ಹಿಂದೆಂದೂ ಇಲ್ಲದಷ್ಟು ಸರ್ಕಾರಿ ಗೌರವವನ್ನು ಪಡೆಯುತ್ತಿದೆ. ಸೌದಿ ಸಂಸ್ಕೃತಿ ಸಚಿವಾಲಯ 2023ನ್ನು ಅರಬ್ಬಿ ಕಾವ್ಯದ ವರ್ಷವೆಂದೂ 2024ನ್ನು ಒಂಟೆಯ ವರ್ಷವೆಂದೂ ಆಚರಿಸಿತು. ಒಂಟೆಗಳನ್ನು ಕರೆಯುವ, ಸಾಗಿಸುವ ಹಾಡಿನ ಪದ್ಧತಿಯಾದ ಹಿದಾ 2022ರಲ್ಲಿ ಸೌದಿ, ಒಮಾನ್ ಮತ್ತು ಅರಬ್ ಸಂಯುಕ್ತ ಸಂಸ್ಥಾನದ ಹೆಸರಿನಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಕಿಂದಾ ಅರಸರ ರಾಜಧಾನಿಯಾಗಿದ್ದ, ರುಬ್ ಅಲ್-ಖಾಲಿ ಮರುಭೂಮಿಯ ಅಂಚಿನ ಅಲ್-ಫಾವ್ ಎಂಬ ಪಾಳು ಪಟ್ಟಣ 2024ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ತಾಯಿಫ್ ಬಳಿಯ ಉಕಾಜ್ ಸಂತೆ, ಹಿಂದೆ ಕವಿಗಳು ಸ್ಪರ್ಧಿಸುತ್ತಿದ್ದರು ಎನ್ನಲಾಗುವ ಜಾಗ, 2007ರಲ್ಲಿ ಮತ್ತೆ ಉತ್ಸವವಾಗಿ ಜೀವ ಪಡೆಯಿತು. ಅಬುಧಾಬಿಯ ಟಿವಿಯಲ್ಲಿ ಮರುಭೂಮಿಯ ಅಲೆಮಾರಿಗಳಾದ ಬೆದುಯಿನ್ನರ ಆಡುನುಡಿಯ ಕವಿತೆಗೂ ಶಿಷ್ಟ ಅರಬ್ಬಿಯ ಕವಿತೆಗೂ ಬೇರೆ ಬೇರೆ ಸ್ಪರ್ಧೆಗಳಿವೆ. ತೈಲದ ನಂತರದ ಬದುಕಿಗೆ ಸಿದ್ಧವಾಗುತ್ತಿರುವ ದೇಶಗಳಿಗೆ ಒಂದು ಹಳೆಯ ಬೇರು ಬೇಕಾಗಿದೆ. ಸೌದಿ ಜನರಲ್ಲಿ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮಂದಿ ಇಂದು ನಗರವಾಸಿಗಳು. ಡೇರೆ ಅವರಿಗೆ ವಾರಾಂತ್ಯದ ವಿಹಾರ. ಬದುಕಿನಿಂದ ಹೊರಟುಹೋದ ಮರುಭೂಮಿಯನ್ನು ಅವರು ಕಾವ್ಯದಿಂದ ಮರಳಿ ಕರೆಯುತ್ತಿದ್ದಾರೆ.

ಇದು ಒಳ್ಳೆಯದೇ. ಆದರೆ ಮರಳಿ ಬರುತ್ತಿರುವುದು ಯಾವ ಮರುಭೂಮಿ, ಯಾರು ಆರಿಸಿದ್ದು ಎಂದು ಕೇಳಲೇಬೇಕು. ಯಾಕೆಂದರೆ ಈ ಕಾವ್ಯವನ್ನು ಒಟ್ಟುಗೂಡಿಸಿದ ಪ್ರತಿಯೊಬ್ಬರೂ ಆರಿಸಿಯೇ ಒಟ್ಟುಗೂಡಿಸಿದ್ದಾರೆ. ಅದಕ್ಕೆ ಮೊದಲು ಆ ಕವಿತೆ ಹೇಗಿತ್ತು ಎಂದು ಸ್ವಲ್ಪ ಬಿಡಿಸಿ ನೋಡಬೇಕು.

ದೀರ್ಘ ಕವಿತೆಗೆ ಕಸೀದಾ ಎಂದು ಹೆಸರು. ಒಂಬತ್ತನೆಯ ಶತಮಾನದ ವಿಮರ್ಶಕ ಇಬ್ನ್ ಕುತೈಬಾ ಅದರ ನಡೆಯನ್ನು ಹೀಗೆ ವಿವರಿಸುತ್ತಾನೆ. ಕವಿ ಪಾಳುನೆಲೆಯ ಮುಂದೆ ನಿಂತು ಅಳುತ್ತಾನೆ, ಅಗಲಿದ ಹೆಣ್ಣನ್ನು ನೆನೆಯುತ್ತಾನೆ, ಕೇಳುಗರ ಮನಸ್ಸು ತನ್ನ ಕಡೆ ತಿರುಗಿದ ಮೇಲೆ ಒಂಟೆ ಏರಿ ಹೊರಟ ಕಷ್ಟದ ಪ್ರಯಾಣವನ್ನು ಹೇಳುತ್ತಾನೆ, ಕೊನೆಗೆ ಹೊಗಳಬೇಕಾದವನನ್ನು ಹೊಗಳುತ್ತಾನೆ. ನಿಜವಾದ ಕವಿತೆಗಳು ಈ ಅಚ್ಚಿಗೆ ಪೂರ್ತಿ ಒಗ್ಗುವುದಿಲ್ಲ. ಕೆಲವು ಕೊನೆಗೆ ತನ್ನನ್ನೇ ಹೊಗಳಿಕೊಳ್ಳುತ್ತವೆ, ಕೆಲವು ವೈರಿಯನ್ನು ಬಯ್ಯುತ್ತವೆ, ಇಮ್ರುಲ್ ಕೈಸನದು ಗುಡುಗು ಮಳೆಯೊಳಗೆ ಮುಗಿಯುತ್ತದೆ. ಮೊದಲ ಭಾಗಕ್ಕೆ ನಸೀಬ್ ಎನ್ನುತ್ತಾರೆ. ನಾವು ಹಣೆಬರಹಕ್ಕೆ ಹೇಳುವ ನಸೀಬು ಇದಲ್ಲ. ಅರಬ್ಬಿಯಲ್ಲಿ ಎರಡಕ್ಕೂ ಬೇರೆ ಅಕ್ಷರ, ಬೇರೆ ಧಾತು. ಇಲ್ಲಿನ ನಸೀಬ್ ಎಂದರೆ ಪ್ರೇಮದ ನೆನಪಿನ ಭಾಗ.

ಛಂದಸ್ಸಿನ ಪದಗಳನ್ನು ನೋಡಿದರೆ ಕವಿತೆ ಎಂಬ ವಸ್ತುವನ್ನೇ ಆ ಜನ ಡೇರೆಯಾಗಿ ಕಂಡಿದ್ದರು ಎನಿಸುತ್ತದೆ. ಒಂದು ದ್ವಿಪದಿಗೆ ಬೈತ್ ಎನ್ನುತ್ತಾರೆ, ಅಂದರೆ ಮನೆ, ಡೇರೆ. ಅದರ ಅರ್ಧಕ್ಕೆ ಮಿಸ್ರಾ, ಅಂದರೆ ಬಾಗಿಲಿನ ಒಂದು ಕದ. ಗಣಗಳನ್ನು ಕಟ್ಟುವ ಚಿಕ್ಕ ತುಂಡುಗಳಲ್ಲಿ ಒಂದು ವತದ್, ಡೇರೆಯ ಗೂಟ. ಇನ್ನೊಂದು ಸಬಬ್, ಹಗ್ಗ. ಎಂಟನೆಯ ಶತಮಾನದಲ್ಲಿ ಬಸ್ರಾ ಪಟ್ಟಣದ ಖಲೀಲ್ ಇಬ್ನ್ ಅಹ್ಮದ್ ಎಂಬ ವಿದ್ವಾಂಸ ಹಳೆಯ ಕವಿತೆಗಳ ಲಯವನ್ನು ಹದಿನೈದು ಛಂದಸ್ಸುಗಳಾಗಿ ವಿಂಗಡಿಸಿದಾಗ ಈ ಪದಗಳು ಶಾಸ್ತ್ರಕ್ಕೆ ಸೇರಿದವು. ಕವಿತೆಯನ್ನು ಬಾಯಲ್ಲಿ ಇಟ್ಟುಕೊಂಡು ಮುಂದಿನವರಿಗೆ ದಾಟಿಸುವವನಿಗೆ ರಾವಿ, ರಾವಿಯಾ ಎಂಬ ಹೆಸರು. ನೀರು ಹೊತ್ತು ತರುವ ಒಂಟೆಗೂ ರಾವಿಯಾ ಎನ್ನುತ್ತಾರೆ. ನನಗೆ ಇಡೀ ಪರಂಪರೆಯಲ್ಲಿ ಇದಕ್ಕಿಂತ ಪ್ರಿಯವಾದ ಪದ ಇನ್ನೊಂದಿಲ್ಲ. ನೀರಿಲ್ಲದ ನಾಡಿನಲ್ಲಿ ಕವಿತೆ ಹೊತ್ತು ತರುವವನಿಗೂ ನೀರು ಹೊತ್ತು ತರುವ ಪ್ರಾಣಿಗೂ ಒಂದೇ ಮಾತು.

ಈ ಪದಗಳಲ್ಲಿ ಕೆಲವು ಕನ್ನಡಕ್ಕೂ ನಡೆದು ಬಂದಿವೆ. ರಾಯಚೂರಿನ ಶಾಂತರಸರಿಂದ ಮೊದಲುಗೊಂಡು ಕನ್ನಡದಲ್ಲಿ ಗಜಲ್ ಬರೆದವರೆಲ್ಲ ಕಾಫಿಯಾ (ಪ್ರಾಸ), ಮಿಸ್ರಾ ಎಂಬ ಮಾತುಗಳನ್ನು ಬಳಸುತ್ತಲೇ ಬಂದಿದ್ದಾರೆ. ಅರಬ್ಬಿಯಿಂದ ಫಾರ್ಸಿಗೆ, ಅಲ್ಲಿಂದ ಉರ್ದುವಿಗೆ, ಉರ್ದುವಿನಿಂದ ನಮ್ಮ ಹೈದರಾಬಾದ್ ಕರ್ನಾಟಕಕ್ಕೆ ಬಂದ ದಾರಿ ಅದು. ಕನ್ನಡದ ಗಜಲ್‌ಕಾರರು ಮಿಸ್ರಾ ಎಂದಾಗಲೆಲ್ಲ ಎಲ್ಲೋ ಒಂದು ಬಾಗಿಲಿನ ಕದ ತೆರೆಯುತ್ತದೆ.

ಇನ್ನು ಜಗಳದ ವಿಷಯ. ಈ ಕವಿತೆಗಳು ಹುಟ್ಟಿದ್ದು ಇಸ್ಲಾಮಿಗೆ ಮೊದಲಿನ ನೂರು, ನೂರೈವತ್ತು ವರ್ಷಗಳಲ್ಲಿ ಎಂದು ಪರಂಪರೆ ಹೇಳುತ್ತದೆ. ಆದರೆ ಇವು ವ್ಯವಸ್ಥಿತವಾಗಿ ಬರಹಕ್ಕೆ ಇಳಿದದ್ದು ಎಂಟು, ಒಂಬತ್ತನೆಯ ಶತಮಾನಗಳಲ್ಲಿ, ಇರಾಕಿನ ಬಸ್ರಾ ಮತ್ತು ಕೂಫಾ ಪಟ್ಟಣಗಳಲ್ಲಿ. ನಡುವಿನ ಕಾಲವನ್ನೆಲ್ಲ ರಾವಿಗಳ ನೆನಪೇ ದಾಟಿಸಿತು. ಮುಅಲ್ಲಕಾತ್ ಎಂದು ಹೆಸರಾದ ಕವಿತೆಗಳು ಕೆಲವರ ಲೆಕ್ಕದಲ್ಲಿ ಏಳು, ಕೆಲವರ ಲೆಕ್ಕದಲ್ಲಿ ಹತ್ತು. ಇವನ್ನು ಬಂಗಾರದ ಅಕ್ಷರದಲ್ಲಿ ಬರೆದು ಕಾಬಾದ ಗೋಡೆಗೆ ತೂಗುಹಾಕಿದ್ದರು ಎಂಬ ಕಥೆ ಇಂದಿಗೂ ಪಾಠಗಳಲ್ಲಿ ಓಡಾಡುತ್ತದೆ. ಹತ್ತನೆಯ ಶತಮಾನದ ವ್ಯಾಖ್ಯಾನಕಾರ ಅನ್-ನಹ್ಹಾಸ್ ಆಗಲೇ ಇದನ್ನು ತಳ್ಳಿಹಾಕಿದ್ದ. ಅವನ ಪ್ರಕಾರ ಈ ಆಯ್ಕೆ ಕೂಫಾದ ರಾವಿ ಹಮ್ಮಾದನದು. ಹಮ್ಮಾದನ ಮೇಲೆ ಅವನ ಸಮಕಾಲೀನನಾದ ಸಂಗ್ರಾಹಕ ಮುಫದ್ದಲ್‌ಗೆ ದೊಡ್ಡ ಸಿಟ್ಟಿತ್ತು. ಪ್ರತಿ ಕವಿಯ ಶೈಲಿಯೂ ಹಮ್ಮಾದನಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ ತನ್ನ ಸಾಲನ್ನು ಹಳಬರ ಸಾಲಿನ ನಡುವೆ ಸೇರಿಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ; ಅವನು ಕೆಡಿಸಿದ್ದನ್ನು ಇನ್ನು ಸರಿಪಡಿಸಲಾಗದು ಎಂಬುದು ಮುಫದ್ದಲ್ ಅಳಲು. ಒಂಬತ್ತನೆಯ ಶತಮಾನದ ಇಬ್ನ್ ಸಲ್ಲಾಮ್ ಇನ್ನೂ ನೇರವಾಗಿ ಬರೆದ. ತಮ್ಮ ಪಾಲಿನ ಕವಿತೆಗಳು ಕಡಿಮೆ ಎಂದು ಕಂಡ ಬುಡಕಟ್ಟುಗಳು ತಮ್ಮ ಹಳೆಯ ಕವಿಗಳ ಬಾಯಿಗೆ ಹೊಸ ಕವಿತೆಗಳನ್ನು ತುರುಕಿದವು, ಆಮೇಲೆ ರಾವಿಗಳೂ ಸೇರಿಸಿದರು ಎಂದ. ಅನುಮಾನ ಹೊರಗಿನಿಂದ ಬಂದದ್ದಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು.

1925ರಲ್ಲಿ ಆಕ್ಸ್‌ಫರ್ಡಿನ ಮಾರ್ಗೊಲಿಯತ್, 1926ರಲ್ಲಿ ಕೈರೋದ ತಾಹಾ ಹುಸೇನ್ ಈ ಅನುಮಾನವನ್ನು ಅದರ ಕೊನೆಯವರೆಗೂ ಎಳೆದರು. ಬಾಲ್ಯದಲ್ಲೇ ಕಣ್ಣು ಕಳೆದುಕೊಂಡು, ಕೈರೋದ ಇಸ್ಲಾಮೀ ವಿದ್ಯಾಪೀಠವಾದ ಅಲ್-ಅಜ್ಹರ್‌ನಲ್ಲೂ ಪ್ಯಾರಿಸಿನಲ್ಲೂ ಓದಿ ಬಂದಿದ್ದ ತಾಹಾ ಹುಸೇನ್ ಹೇಳಿದ್ದು ಇಷ್ಟು: ಇಸ್ಲಾಂಪೂರ್ವದ್ದು ಎನ್ನುವ ಕಾವ್ಯದ ಬಹುಭಾಗ ಆ ಕಾಲದ್ದಲ್ಲ, ಇಸ್ಲಾಮಿನ ನಂತರ ರಾಜಕೀಯಕ್ಕಾಗಿ, ಬುಡಕಟ್ಟಿನ ಹೆಮ್ಮೆಗಾಗಿ, ಧರ್ಮದ ವಾದಗಳಿಗಾಗಿ, ಕಥೆಗಾರರ ಹೊಟ್ಟೆಪಾಡಿಗಾಗಿ ಕಟ್ಟಿದ್ದು. ದಕ್ಷಿಣದ ಬುಡಕಟ್ಟುಗಳ ಮಾತು ಬೇರೆಯಾಗಿದ್ದಾಗ ಅವರ ಕವಿಗಳೂ ಉತ್ತರದವರ ಭಾಷೆಯಲ್ಲೇ ಬರೆದದ್ದು ಹೇಗೆ? ವಿಗ್ರಹಗಳನ್ನು ಪೂಜಿಸುತ್ತಿದ್ದವರ ಕಾವ್ಯದಲ್ಲಿ ಅವರ ಧರ್ಮದ ಸುಳಿವು ಇಷ್ಟು ಕಡಿಮೆ ಯಾಕೆ? ಒಳ್ಳೆಯ ಪ್ರಶ್ನೆಗಳೇ. ಆದರೆ ಅದೇ ಪುಸ್ತಕದಲ್ಲಿ ಅಬ್ರಹಾಂ ಮತ್ತು ಇಸ್ಮಾಯಿಲರ ಕಥೆ ಧರ್ಮಗ್ರಂಥಗಳಲ್ಲಿ ಇದ್ದ ಮಾತ್ರಕ್ಕೆ ಚರಿತ್ರೆಯಾಗದು ಎಂದೂ ಅವರು ಬರೆದಿದ್ದರು. ದೊಡ್ಡ ಗದ್ದಲವಾಯಿತು. ದೂರುಗಳು ಸರ್ಕಾರಿ ವಕೀಲರವರೆಗೆ ಹೋದವು. ತನಿಖೆ ನಡೆಸಿದ ವಕೀಲ ಮುಹಮ್ಮದ್ ನೂರ್ ಬರೆದವರಿಗೆ ಅಪರಾಧದ ಉದ್ದೇಶ ಇರಲಿಲ್ಲ ಎಂದು 1927ರಲ್ಲಿ ಪ್ರಕರಣ ಮುಚ್ಚಿದರು. ಪುಸ್ತಕವನ್ನು ಮಾತ್ರ ಹಿಂತೆಗೆಯಬೇಕಾಯಿತು. ಕೆರಳಿಸಿದ ಭಾಗ ಬಿಟ್ಟು, ಬೇರೆ ಹೆಸರಿನಲ್ಲಿ, ಹೆಚ್ಚು ದಪ್ಪವಾಗಿ ಅದು ಮತ್ತೆ ಬಂತು.

ತಾಹಾ ಹುಸೇನರ ಧೈರ್ಯದ ಬಗ್ಗೆ ನನಗೆ ತುಂಬ ಗೌರವವಿದೆ. ಆದರೆ ಅವರ ಉತ್ತರ ಇಂದು ನಿಲ್ಲುವುದಿಲ್ಲ. ಮೊದಲ ಕಾರಣ ಭಾಷೆಯದು. ಬಾಯಿಮಾತಿನ ಕಾವ್ಯಗಳಿಗೆ ಮನೆಮಾತಿನಿಂದ ಬೇರೆಯಾದ, ಹಲವು ಪ್ರದೇಶದ ಹಾಡುಗಾರರು ಹಂಚಿಕೊಂಡ ತಮ್ಮದೇ ಭಾಷೆ ಇರುವುದು ಜಗತ್ತಿನ ಹಲವೆಡೆ ಕಾಣುತ್ತದೆ. ಎಲ್ಲರೂ ಒಂದೇ ಭಾಷೆಯಲ್ಲಿ ಹಾಡಿದ್ದು ಮೋಸದ ಸಾಕ್ಷಿಯಾಗಬೇಕಿಲ್ಲ. ಎರಡನೆಯ ಕಾರಣವನ್ನು ಒಂದು ಉದಾಹರಣೆಯಿಂದ ಹೇಳುವುದು ಸುಲಭ. ಇಮ್ರುಲ್ ಕೈಸನ ಕವಿತೆಯಲ್ಲಿ ಒಂದು ಸಾಲಿದೆ: ಗೆಳೆಯರು ತಮ್ಮ ಸವಾರಿಗಳನ್ನು ನನ್ನ ಬಳಿ ನಿಲ್ಲಿಸಿ, ದುಃಖದಲ್ಲಿ ಸಾಯಬೇಡ, ತಾಳಿಕೋ ಎನ್ನುತ್ತಾರೆ. ಅವನಿಗಿಂತ ಕಿರಿಯನಾದ, ಹರೆಯದಲ್ಲೇ ಕೊಲೆಯಾದ ತರಫಾನ ಕವಿತೆಯಲ್ಲೂ ಇದೇ ಸಾಲು ಇದೆ, ಪದಕ್ಕೆ ಪದ. ಬದಲಾಗಿರುವುದು ಕೊನೆಯ ಮಾತು ಒಂದೇ. ಒಬ್ಬನ ಪ್ರಾಸ ಲಕಾರದ್ದು, ಆದ್ದರಿಂದ ‘ತಜಮ್ಮಲಿ’, ಚೆಂದವಾಗಿ ತಾಳಿಕೋ. ಇನ್ನೊಬ್ಬನದು ದಕಾರದ್ದು, ಆದ್ದರಿಂದ ‘ತಜಲ್ಲದಿ’, ಗಟ್ಟಿಯಾಗಿ ನಿಲ್ಲು.

ಬರಹದ ಜಗತ್ತಿನಲ್ಲಿ ಇದಕ್ಕೆ ಕಳ್ಳತನ ಎನ್ನುತ್ತೇವೆ, ಅಥವಾ ನಕಲು. ಬಾಯಿಮಾತಿನ ಜಗತ್ತಿನಲ್ಲಿ ಇದು ಕಸುಬು. 1970ರ ದಶಕದಲ್ಲಿ ಜೇಮ್ಸ್ ಮನ್ರೋ, ಮೈಕೆಲ್ ಜ್ವೆಟ್ಲರ್ ಎಂಬ ವಿದ್ವಾಂಸರು, ಹೋಮರನ ಕಾವ್ಯ ಮತ್ತು ಯುಗೊಸ್ಲಾವಿಯದ ಹಾಡುಗಾರರ ಬಗ್ಗೆ ನಡೆದ ಅಧ್ಯಯನಗಳ ಬೆಳಕಿನಲ್ಲಿ ಅರಬ್ಬಿ ಕಸೀದಾವನ್ನು ಓದಿ ಇದನ್ನೇ ತೋರಿಸಿದರು. ಲಯಕ್ಕೆ ಹೊಂದುವ ಸಿದ್ಧ ನುಡಿಗಟ್ಟುಗಳು ಎಲ್ಲರ ಸಾಮಾನ್ಯ ಭಂಡಾರ. ಅವುಗಳಿಂದ ಪ್ರತಿ ಸಲ ಕವಿತೆ ಮತ್ತೆ ಕಟ್ಟಿಕೊಳ್ಳುತ್ತದೆ. ಇಮ್ರುಲ್ ಕೈಸನ ಕವಿತೆಯಲ್ಲಿ ತೋಳದ ಜೊತೆ ಮಾತಾಡುವ ನಾಲ್ಕು ಸಾಲುಗಳು ಅವನವೋ, ತಅಬ್ಬತ ಶರ್ರನ್ ಎಂಬ ಬಹಿಷ್ಕೃತ ಕವಿಯವೋ ಎಂದು ಹಳೆಯ ವ್ಯಾಖ್ಯಾನಕಾರರೇ ವಾದಿಸಿದ್ದಾರೆ. ಸಾಲುಗಳೂ ಆ ಜನರ ಹಾಗೆ ಅಲೆಮಾರಿಗಳಾಗಿದ್ದವು. ಇದನ್ನು ಒಪ್ಪಿಕೊಂಡರೆ ‘ಅಸಲಿಯೋ ನಕಲಿಯೋ’ ಎಂಬ ಪ್ರಶ್ನೆಯ ಮೊನೆ ಮುರಿಯುತ್ತದೆ. ಈ ಸಾಲು ಈ ಕವಿಯದೇ ಎಂದು ಆಣೆಯಿಟ್ಟು ಹೇಳಲಾಗದು. ಈ ಕಾವ್ಯಕ್ರಮ ಮಾತ್ರ ಆ ಕಾಲದ್ದೇ ಎಂದು ಧೈರ್ಯವಾಗಿ ಹೇಳಬಹುದು.

ಹಾಗೆ ಹೇಳಲು ಈಗ ಕಲ್ಲುಗಳ ಬಲವೂ ಬಂದಿದೆ. ಸಫಾಯಿಟಿಕ್ ಬರಹಗಳ ಭಾಷೆ ಅರಬ್ಬಿಯ ಹಳೆಯ ರೂಪವೇ ಎಂದು ಅಹ್ಮದ್ ಅಲ್-ಜಲ್ಲಾದ್ ಅವರಂಥ ಲಿಪಿತಜ್ಞರು ವಾದಿಸುತ್ತಾರೆ. ಗುರುತು ಕಂಡು ಅಳುವ ರೂಢಿ ಎಂಟನೆಯ ಶತಮಾನದ ಬಸ್ರಾದಲ್ಲಿ ಯಾರೋ ಕೂತು ಹೊಸೆದದ್ದಲ್ಲ, ಅದಕ್ಕೆ ನೂರಾರು ವರ್ಷ ಮೊದಲೇ ಜನ ಬಂಡೆಗಳ ಮೇಲೆ ಅದನ್ನು ಕೆತ್ತಿದ್ದರು. ಯೆಮೆನ್‌ನ ಕಾನಿಯಾದಲ್ಲಿ ಸೂರ್ಯದೇವತೆ ಶಮ್ಸಳನ್ನು ಕುರಿತ ಒಂದು ಸ್ತುತಿ ಬಂಡೆಯ ಮೇಲೆ ಸಿಕ್ಕಿದೆ. ಸುಮಾರು ಒಂದನೆಯ ಶತಮಾನದ್ದು ಎನ್ನುತ್ತಾರೆ. ಭಾಷೆ ಅರಬ್ಬಿಯಲ್ಲ, ದಕ್ಷಿಣ ಅರೇಬಿಯಾದ ಹಳೆಯ ಭಾಷೆ. ಅರ್ಥ ಇನ್ನೂ ಪೂರ್ತಿ ಬಿಡಿಸಿಲ್ಲ. ಆದರೆ ಅದರ 27 ಸಾಲುಗಳೂ ಒಂದೇ ಪ್ರಾಸದಲ್ಲಿ ಮುಗಿಯುತ್ತವೆ. ಮೊದಲಿನಿಂದ ಕೊನೆಯವರೆಗೆ ಒಂದೇ ಅಂತ್ಯಪ್ರಾಸ ಹಿಡಿಯುವ ಕಸೀದಾದ ಕಟ್ಟುನಿಟ್ಟಿಗೆ ಆ ಪರ್ಯಾಯದ್ವೀಪದಲ್ಲಿ ಎಷ್ಟು ಹಿಂದಿನ ನೆರೆಹೊರೆ ಇತ್ತು ಎಂದು ಇದರಿಂದ ತಿಳಿಯುತ್ತದೆ.

ಇನ್ನೊಂದು ಸಾಕ್ಷಿ ಕವಿತೆಗಳ ಒಳಗೇ ಇದೆ. ನನ್ನನ್ನು ಹೆಚ್ಚು ಒಪ್ಪಿಸುವುದು ಅದೇ. ತರಫಾ ತನ್ನ ಹೆಣ್ಣೊಂಟೆಯ ವರ್ಣನೆಗೆ ಸುಮಾರು 30 ದ್ವಿಪದಿಗಳನ್ನು ಕೊಡುತ್ತಾನೆ. ತೊಡೆಯ ಮಾಂಸ, ಪಕ್ಕೆಲುಬಿನ ಬಾಗು, ಬೆನ್ನಹುರಿಯ ಜೋಡಣೆ, ಕಣ್ಣಿನ ಗೂಡು, ಕಿವಿ ನಿಮಿರುವ ರೀತಿ, ಹಗ್ಗ ಉಜ್ಜಿ ಆದ ಗಾಯದ ಗೆರೆ. ರೋಮನ್ನನೊಬ್ಬ ಇಟ್ಟಿಗೆಯಲ್ಲಿ ಕಟ್ಟಿಸಿದ ಸೇತುವೆಯ ಹಾಗಿದ್ದಾಳೆ ಎಂದು ಹೋಲಿಸುತ್ತಾನೆ. ಕಸಾಯಿಗೂ ಪಶುವೈದ್ಯನಿಗೂ ಶಿಲ್ಪಿಗೂ ಮಾತ್ರ ಇರಬಹುದಾದ ಕಣ್ಣು ಅದು. ಇಮ್ರುಲ್ ಕೈಸನ ಕವಿತೆಯ ಪ್ರಚಲಿತ ಪಾಠದಲ್ಲಿ, ಜನ ಬಿಟ್ಟುಹೋದ ಅಂಗಳದಲ್ಲಿ ಬಿದ್ದಿರುವ ಜಿಂಕೆಯ ಹಿಕ್ಕೆ ಮೆಣಸಿನ ಕಾಳಿನ ಹಾಗೆ ಕಾಣುತ್ತದೆ. ಮನುಷ್ಯರು ಹೋಗಿ ಎಷ್ಟು ಕಾಲವಾಯಿತು ಎಂದು ಹೇಳಲು ಇಷ್ಟು ಸಾಕು: ಅಂಜುವ ಜಿಂಕೆಗಳು ಈಗ ಅಲ್ಲಿ ವಾಸ ಮಾಡುತ್ತಿವೆ. ಮೆಣಸಿಗೆ ಅವನು ಬಳಸಿದ ಫುಲ್ಫುಲ್ ಎಂಬ ಪದ ಪಿಪ್ಪಲಿಯಿಂದ, ನಮ್ಮ ಹಿಪ್ಪಲಿಯಿಂದ, ಹೊರಟು ಹೋದದ್ದು. ಕಾಳು ಹೋದದ್ದು ಭಾರತದ ಪಶ್ಚಿಮ ಕರಾವಳಿಯಿಂದ. ತರಫಾ ಇನ್ನೊಂದು ಕಡೆ, ಬಂಧುಗಳು ಮಾಡುವ ಅನ್ಯಾಯ ಭಾರತದ ಕತ್ತಿಯ ಏಟಿಗಿಂತ ಹೆಚ್ಚು ನೋಯುತ್ತದೆ ಎನ್ನುತ್ತಾನೆ. ‘ಮುಹನ್ನದ್’, ಹಿಂದ್ ದೇಶದ್ದು, ಎಂದರೆ ಆ ಕವಿಗಳಿಗೆ ಒಳ್ಳೆಯ ಕತ್ತಿಯೇ. ದಕ್ಷಿಣ ಭಾರತದ ಉಕ್ಕಿಗೆ ಇಂಗ್ಲಿಷರು ಮುಂದೆ ಇಟ್ಟ ವೂಟ್ಸ್ ಎಂಬ ಹೆಸರು ಕನ್ನಡದ ‘ಉಕ್ಕು’ ಪದದಿಂದಲೇ ಹುಟ್ಟಿತು ಎಂಬ ವಿವರಣೆ ನಿಘಂಟುಗಳಲ್ಲಿದೆ. ತರಫಾನ ಮನಸ್ಸಿನಲ್ಲಿದ್ದ ಕತ್ತಿ ಯಾವ ಊರಿನ ಕುಲುಮೆಯದೋ ಹೇಳಲಾಗದು. ಆದರೆ ಈ ಮರುಭೂಮಿ ಜಗತ್ತಿನಿಂದ ಕಡಿದುಕೊಂಡ ಖಾಲಿ ಜಾಗವಾಗಿರಲಿಲ್ಲ, ಕೊಡುಕೊಳ್ಳುವ ದಾರಿಗಳ ನಡುವೆ ಇತ್ತು.

ಇಷ್ಟು ವಿವರವನ್ನು ಪಟ್ಟಣದಲ್ಲಿ ಕೂತವನು ಸುಮ್ಮನೆ ಹುಟ್ಟಿಸಲಾರ. ಬಸ್ರಾದ ವಿದ್ವಾಂಸರೇ ಗಿಡದ ಹೆಸರು, ಒಂಟೆಯ ವಯಸ್ಸಿನ ಹೆಸರು, ಮೋಡದ ಬಗೆಯ ಹೆಸರು ಕೇಳಿಕೊಂಡು ಬೆದುಯಿನ್ನರ ಬಳಿಗೆ ಹೋಗುತ್ತಿದ್ದರು. ಇಂದಿನ ಅರಬ್ ವಿದ್ಯಾರ್ಥಿಗೂ ಈ ಕವಿತೆಗಳನ್ನು ಓದಲು ಸಾಲಿಗೆ ನಾಲ್ಕು ಅಡಿಟಿಪ್ಪಣಿ ಬೇಕು. ಕವಿತೆಗೆ ಈಗ ಆಗಿರುವ ದೊಡ್ಡ ನಷ್ಟ ಇದು: ಅದನ್ನು ಹಿಡಿದಿಟ್ಟಿದ್ದ ನೆಲದ ಅರಿವು ಹೋಗಿದೆ. ಒಂಟೆಯ ವರ್ಷ ಆಚರಿಸಿದರೆ ಅದು ಹಿಂದಿರುಗುವುದಿಲ್ಲ. ಅದು ಹೆಚ್ಚು ಉಳಿದಿರುವುದು ಅಡಿಟಿಪ್ಪಣಿಯಿಲ್ಲದೆ ಒಂಟೆಯ ಬಗ್ಗೆ ಹಾಡುತ್ತ ಬಂದ ನಬತಿ ಎಂಬ ಆಡುನುಡಿಯ ಕಾವ್ಯದಲ್ಲಿ. ಸೌದಿಯ ವಿದ್ವಾಂಸ ಸಅದ್ ಸುವೈಯನ್ ದಶಕಗಳ ಕಾಲ ಅದನ್ನು ಸಂಗ್ರಹಿಸಿ, ಇಸ್ಲಾಂಪೂರ್ವದ ಕಾವ್ಯದ ನಿಜವಾದ ಮುಂದುವರಿಕೆ ಇದೇ ಎಂದು ಹೇಳುತ್ತ ಬಂದರು. ಶಿಷ್ಟ ಭಾಷೆಯ ಪಕ್ಷದವರು ಅದನ್ನು ಕೀಳಾಗಿ ಕಂಡರು. ನಾನು ಸುವೈಯನ್ ಪಕ್ಷದವನು.

ಈಗ ಆಯ್ಕೆಯ ಪ್ರಶ್ನೆಗೆ ಮರಳುತ್ತೇನೆ. ಮುಫದ್ದಲ್ ತನ್ನ ಸಂಗ್ರಹವನ್ನು ಸಿದ್ಧಪಡಿಸಿದ್ದು ಅಬ್ಬಾಸಿ ಅರಮನೆಯ ರಾಜಕುಮಾರನೊಬ್ಬನ, ಮುಂದೆ ಖಲೀಫನಾದ ಮಹ್ದಿಯ, ಓದಿಗಾಗಿ. ಅಂದರೆ ಆಗಲೂ ಅಧಿಕಾರದ ಮನೆಗೆ ಬೇರು ಬೇಕಾಗಿತ್ತು. ಇಂದಿನ ಉತ್ಸವಗಳು ಆ ಸಾಲಿನಲ್ಲೇ ಬರುತ್ತವೆ. ಆದರೆ ಅಂದಿನ ಸಂಗ್ರಾಹಕರು ಒಂದು ದೊಡ್ಡತನ ತೋರಿದರು. ತಮಗೆ ಹಿತವಾಗದ್ದನ್ನೂ ಉಳಿಸಿದರು. ಇರಾಕಿನ ಹೀರಾ ಪಟ್ಟಣದ ಅರಸ ಅಮ್ರ್ ಇಬ್ನ್ ಹಿಂದ್‌ನ ತಾಯಿ ತನ್ನ ತಾಯಿಯನ್ನು ಸೇವಕಿಯ ಹಾಗೆ ನಡೆಸಿಕೊಂಡಳೆಂದು ಅಮ್ರ್ ಇಬ್ನ್ ಕುಲ್ಸೂಮ್ ಅರಸನನ್ನು ಅವನದೇ ಬಿಡಾರದಲ್ಲಿ ಕಡಿದ ಎಂಬುದು ಪರಂಪರೆಯ ಕಥೆ. ಅವನ ಕವಿತೆ ಮುಅಲ್ಲಕಾತ್‌ನಲ್ಲಿದೆ. ಇಥಿಯೋಪಿಯಾದ ದಾಸಿಯ ಮಗನಾದ ಅಂತರಾನ ಕವಿತೆ ಇದೆ. ಎರಡು ಬುಡಕಟ್ಟುಗಳ ದೀರ್ಘ ಯುದ್ಧ ನಿಲ್ಲಿಸಿದವರನ್ನು ಹೊಗಳುತ್ತ, ಯುದ್ಧ ಬೀಸುವ ಕಲ್ಲಿನ ಹಾಗೆ ಅರೆಯುತ್ತದೆ ಎಂದು ಎಚ್ಚರಿಸಿದ ಮುದುಕ ಜುಹೈರ್ ಇದ್ದಾನೆ. ಸತ್ತ ಸೋದರರಿಗಾಗಿ ಜೀವಮಾನವೆಲ್ಲ ಶೋಕಗೀತೆ ಕಟ್ಟಿದ ಖನ್ಸಾಳ ಕವಿತೆಗಳು ಉಳಿದಿವೆ. ಬುಡಕಟ್ಟಿನಿಂದ ಹೊರಬಿದ್ದು ಕಾಡುಪ್ರಾಣಿಗಳ ಜೊತೆ ಬದುಕಿದ, ಸುಅಲೂಕ್ ಎಂದು ಕರೆಸಿಕೊಂಡ ದರೋಡೆಗಾರ ಕವಿಗಳದ್ದೂ ಉಳಿದಿವೆ.

ಇಂದು ವೇದಿಕೆ ಏರುವುದು ಇದರಲ್ಲಿ ಎಷ್ಟು? ಪಾಳುನೆಲೆ ಏರುತ್ತದೆ, ಒಂಟೆ ಏರುತ್ತದೆ, ಅತಿಥಿಸತ್ಕಾರ ಏರುತ್ತದೆ. ಅರಸನ ಎದುರು ಎದೆಯೆತ್ತಿ ನಿಂತ ಮಾತಿಗೆ ಇಂದಿನ ಆಳುವವರ ಎದುರು ಜಾಗ ಸಿಗುವುದು ಅಪರೂಪ. ನಬತಿ ಕವಿತೆ ಬರೆಯುವ ಕತಾರಿನ ಮುಹಮ್ಮದ್ ಅಲ್-ಅಜಮಿಯವರನ್ನು 2011ರಲ್ಲಿ ಬಂಧಿಸಿದರು. ಟ್ಯುನೀಶಿಯಾದ ದಂಗೆಯನ್ನು ಹೊಗಳಿ, ನಾವೆಲ್ಲರೂ ಟ್ಯುನೀಶಿಯಾ ಎಂದು ಹಾಡಿದ ಕವಿ ಅವರು. 2012ರಲ್ಲಿ ಜೀವಾವಧಿ ಶಿಕ್ಷೆಯಾಯಿತು, ಮರುವರ್ಷ ಅದು 15 ವರ್ಷಕ್ಕೆ ಇಳಿಯಿತು, 2016ರಲ್ಲಿ ಕ್ಷಮೆ ಸಿಕ್ಕಿ ಹೊರಬಂದರು. ಸೌದಿಯಲ್ಲಿ ಪ್ಯಾಲೆಸ್ಟೀನಿ ಕವಿ ಅಶ್ರಫ್ ಫಯಾದ್ ಅವರಿಗೆ 2015ರಲ್ಲಿ ಧರ್ಮಭ್ರಷ್ಟತೆಯ ಆರೋಪದ ಮೇಲೆ ಮರಣದಂಡನೆ ವಿಧಿಸಿ, ಮರುವರ್ಷ ಅದನ್ನು ಎಂಟು ವರ್ಷ ಸೆರೆ ಮತ್ತು 800 ಛಡಿಯೇಟಿಗೆ ಬದಲಿಸಿದರು. ಕಾವ್ಯದ ವರ್ಷ ಆಚರಿಸಿದ್ದು ಅದೇ ದೇಶ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡದೆ ಪರಂಪರೆಯ ಮಾತಾಡುವುದು ನನಗೆ ಆಗದು.

ಎಲ್ಲವೂ ಹೀಗೆಯೇ ಎಂದು ಹೇಳಿದರೆ ಅನ್ಯಾಯವಾಗುತ್ತದೆ. ಅಬುಧಾಬಿಯ ಆಡುನುಡಿ ಕವಿತೆಯ ಟಿವಿ ಸ್ಪರ್ಧೆಯಲ್ಲಿ 2010ರಲ್ಲಿ ಹಿಸ್ಸಾ ಹಿಲಾಲ್ ಎಂಬ ಸೌದಿ ಕವಯಿತ್ರಿ, ಕಣ್ಣು ಮಾತ್ರ ಕಾಣುವಂತೆ ಮೈ ಮುಚ್ಚಿಕೊಂಡು ನಿಂತು, ಹಿಂಸೆಗೆ ದಾರಿಮಾಡುವ ಫತ್ವಾಗಳನ್ನು ಹೊರಡಿಸುವವರ ವಿರುದ್ಧ ಕವಿತೆ ಓದಿದರು. ಕೊಲೆ ಬೆದರಿಕೆ ಬಂತು. ಆದರೂ ಅಂತಿಮ ಸುತ್ತಿಗೆ ಬಂದು ಮೂರನೆಯ ಸ್ಥಾನ ಪಡೆದರು. ಹಳೆಯ ಬುಡಕಟ್ಟಿನ ಕವಿಗಳು ವೈರಿಯ ಮೇಲೆ ಎಸೆಯುತ್ತಿದ್ದ ಹಿಜಾ ಎಂಬ ನಿಂದೆಯ ಕವಿತೆಗೆ ಆ ರಾತ್ರಿ ಜೀವ ಬಂದಿತ್ತು. ಉತ್ಸವಕ್ಕೆಂದು ಹಾಕಿದ ವೇದಿಕೆಯಲ್ಲೂ ಒಮ್ಮೊಮ್ಮೆ ನಿಜವಾದ ಕವಿತೆ ನಡೆದುಬಿಡುತ್ತದೆ.

ಲಬೀದ್ ಎಂಬ ಕವಿ, ಮುಪ್ಪಿನವರೆಗೂ ಬದುಕಿ ಇಸ್ಲಾಮನ್ನು ಕಂಡವನು, ತನ್ನ ಮುಅಲ್ಲಕಾದ ಆರಂಭದಲ್ಲಿ ಹೇಳುತ್ತಾನೆ: ಮಳೆಯ ಪ್ರವಾಹ ಮಣ್ಣು ಕೊಚ್ಚಿ ಪಾಳುನೆಲೆಗಳನ್ನು ಹೊರಗೆ ತೋರಿಸಿದೆ, ಮಾಸಿದ ಬರಹದ ಮೇಲೆ ಲೇಖನಿ ಮತ್ತೆ ಅಕ್ಷರ ತಿದ್ದಿದ ಹಾಗೆ, ಹಚ್ಚೆ ಹಾಕುವವಳು ಹಳೆಯ ಗೆರೆಯ ಮೇಲೆ ಮಸಿ ಉಜ್ಜಿ ಮತ್ತೆ ಗೆರೆ ಮೂಡಿಸಿದ ಹಾಗೆ. ಪ್ರವಾಹ ಅಳಿಸುತ್ತದೆ ಎಂದೇ ನಾವು ತಿಳಿದಿರುತ್ತೇವೆ. ಇಲ್ಲಿ ಅದು ತೊಳೆದು ತೋರಿಸುತ್ತದೆ. ರಾವಿಗಳು, ಹಮ್ಮಾದ, ಮುಫದ್ದಲ್, ಬಸ್ರಾದ ವ್ಯಾಕರಣಕಾರರು, ತಾಹಾ ಹುಸೇನ್, ಟಿವಿ ಸ್ಪರ್ಧೆ, ಸಚಿವಾಲಯ, ಎಲ್ಲರೂ ಈ ಮಾಸಿದ ಗೆರೆಯ ಮೇಲೆ ಮತ್ತೆ ಕೈಯಾಡಿಸಿದವರೇ. ಆ ಕೈಗಳಲ್ಲಿ ಕೆಲವು ಗೆರೆಯನ್ನು ಬೆಳಗಿಸುತ್ತವೆ, ಕೆಲವು ತಮಗೆ ಬೇಡವಾದ ಗೆರೆಯನ್ನು ಬಿಟ್ಟು ಮುಂದೆ ಹೋಗುತ್ತವೆ. ಮುಂದಿನ ಸಾಲಿನಲ್ಲಿ ಲಬೀದ್ ಕೇಳುತ್ತಾನೆ, ಮಾತು ಸ್ಪಷ್ಟವಾಗದ ಈ ಕಿವುಡು ಬಂಡೆಗಳನ್ನು ನಾವು ಕೇಳುವುದಾದರೂ ಹೇಗೆ ಎಂದು. ಹರ್ರಾದ ಕಲ್ಲುಗಳನ್ನು ಓದಲು ಕಲಿತ ಈ ಕಾಲದಲ್ಲಿ ಆ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತಾಗಿದೆ.

ಬಿಟ್ಟುಹೋಗುವ ಗೆರೆ ಯಾವುದು ಎಂದು ಕೇಳಿದರೆ ನಾನು ದರೋಡೆಗಾರ ಕವಿಗಳಲ್ಲಿ ಒಬ್ಬನಾದ ಶನ್ಫರಾನ ಕವಿತೆಯನ್ನು ತೋರಿಸುತ್ತೇನೆ. ಅದು ಅವನದಲ್ಲ, ಬಸ್ರಾದ ಖಲಫ್ ಅಲ್-ಅಹ್ಮರ್ ಎಂಬ ವಿದ್ವಾಂಸ ಕಟ್ಟಿ ಅವನ ಹೆಸರಿಗೆ ಹಚ್ಚಿದ್ದು ಎಂಬ ಮಾತು ಹಳೆಯ ಕಾಲದಿಂದಲೂ ಇದೆ. ಇರಬಹುದು. ಅದರಲ್ಲಿ ಕವಿ ತಾಯಿಯ ಮಕ್ಕಳನ್ನು ಕರೆದು, ನಿಮ್ಮ ಸವಾರಿಗಳನ್ನು ಎಬ್ಬಿಸಿ ಹೊರಡಿ, ನನ್ನ ಮನಸ್ಸು ಈಗ ಬೇರೆ ಜನರ ಕಡೆಗಿದೆ ಎನ್ನುತ್ತಾನೆ. ಆ ಬೇರೆ ಜನ ಯಾರೆಂದರೆ ವೇಗದ ತೋಳ, ಚುಕ್ಕೆ ಮೈಯ ಚಿರತೆ, ಕೂದಲುಗತ್ತಿನ ಕತ್ತೆಕಿರುಬ. ಅವರಲ್ಲಿ ಇಟ್ಟ ಗುಟ್ಟು ಹೊರಬೀಳುವುದಿಲ್ಲ, ತಪ್ಪು ಮಾಡಿದವನನ್ನು ಆ ತಪ್ಪಿಗಾಗಿ ಅವರು ಕೈಬಿಡುವುದಿಲ್ಲ.